ಡಿಸೆಂಬರ್ ಅಂದರು, ಸರಿ. ನಮ್ಮ ಮಾಣಿಗಳಿಗೆ ಯಾವ ತಾರೀಕು ಹೇಳಲಿ?

ಚೆಂಬೂರು ಗಲ್ಲಾ · 12 ಜುಲೈ 2021

ಎಲ್ಲರಿಗೂ ನಮಸ್ಕಾರ. ಚೆಂಬೂರಿನ ಒಂದು ಉಡುಪಿ ಹೋಟೆಲಿನಲ್ಲಿ ನಾನು ಮ್ಯಾನೇಜರ್. ಊರು ಕುಂದಾಪುರದ ಹತ್ತಿರ. ಮುಂಬಯಿಗೆ ಬಂದು 27 ವರ್ಷ ಆಯಿತು. ಗಲ್ಲಾದಲ್ಲಿ ಕೂತವನಿಗೆ ಲೆಕ್ಕ ಚೆನ್ನಾಗಿ ಬರುತ್ತದೆ ಅಂತ ಜನ ತಿಳಿದಿದ್ದಾರೆ. ಡಿಸೆಂಬರ್ ಕೊನೆಗೆ ದೊಡ್ಡವರಿಗೆಲ್ಲ ಮುಗಿಯುತ್ತದೆ ಅನ್ನುವ ಈ ಕೊರೊನಾ ಲಸಿಕೆಯ ಲೆಕ್ಕ ಮಾತ್ರ ನನ್ನ ತಲೆಗೆ ಹತ್ತುತ್ತಿಲ್ಲ ಮಾರಾಯ್ರೆ.

ವಿಷಯ ಇಷ್ಟೇ. ನನ್ನನ್ನೂ ಸೇರಿಸಿ ಹೋಟೆಲಿನಲ್ಲಿ 14 ಜನ. ಏಪ್ರಿಲ್‌ನಲ್ಲಿ ಮತ್ತೆ ಬಂದ್ ಆದಾಗ ಎಂಟು ಮಂದಿ ಊರಿಗೆ ಹೋದರು. ಹೆಚ್ಚಿನವರು ಬೈಂದೂರು, ಕುಂದಾಪುರದ ಕಡೆಯವರು. ಒಬ್ಬ ಒಡಿಶಾದವನು. ಈಗ ಇರುವುದು ಆರು ಜನ. ನಾನು, ಅಡಿಗೆ ಭಟ್ರು, ನಾಲ್ಕು ಹುಡುಗರು. ಸಂಜೆ 4ರ ತನಕ ಅರ್ಧ ಕುರ್ಚಿಗಳಲ್ಲಿ ವ್ಯಾಪಾರ, ಶನಿವಾರ ಭಾನುವಾರ ಬರೀ ಪಾರ್ಸೆಲ್. ಅದಕ್ಕೆ ಆರು ಜನ ಸಾಕು. ಮೊದಲಿನ ಹಾಗೆ ರಾತ್ರಿ ತನಕ ತೆರೆಯಲು ಬಿಟ್ಟ ದಿನ ಸಾಲುವುದಿಲ್ಲ.

ಊರಿನಿಂದ ದಿನಾ ಫೋನು. "ಅಣ್ಣ, ಬರ್ಲಾ?" ಮಾಲೀಕರದ್ದು ಇನ್ನೊಂದು ಕಡೆ. ಲಸಿಕೆ ಆಗದವರನ್ನು ರೂಮಿಗೆ ಸೇರಿಸಬೇಡ, ಎಲ್ಲರದ್ದೂ ಎರಡೂ ಡೋಸ್ ಯಾವತ್ತಿಗೆ ಮುಗಿಯುತ್ತದೆ ನೋಡಿ ಹೇಳು, ಅಂತ. ಅವರು ಹೇಳುವುದೂ ಸರಿ. ನಮ್ಮ ರೂಮಿನಲ್ಲಿ ಒಂದು ಚಾಪೆಗೂ ಇನ್ನೊಂದು ಚಾಪೆಗೂ ನಡುವೆ ಕಾಲಿಡಲು ಜಾಗ ಇಲ್ಲ. ಒಬ್ಬನಿಗೆ ಬಂದರೆ ಎಲ್ಲರಿಗೂ ಬಂದಂತೆ.

ಜನವರಿ 16ರಂದು ಲಸಿಕೆ ಶುರುವಾಗಿ ಟಿವಿಯಲ್ಲಿ ಮುಂಬಯಿಯ ಕೂಪರ್ ಆಸ್ಪತ್ರೆ, ಬಿಕೆಸಿಯ ಲಸಿಕೆ ಕೇಂದ್ರ ಎಲ್ಲ ತೋರಿಸಿದಾಗ ನಾನು ಗಲ್ಲಾದಲ್ಲಿ ಕೂತೇ ಚಪ್ಪಾಳೆ ಹೊಡೆದವನು. ಜಗತ್ತಿನಲ್ಲೇ ದೊಡ್ಡ ಅಭಿಯಾನ ಅಂದರು. ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿದೆ. ಯುಗಾದಿಗೆ ನನ್ನದು ಮುಗಿಯುತ್ತದೆ, ಚೌತಿಯೊಳಗೆ ಹುಡುಗರದ್ದು. ಪೋಲಿಯೋ ಹನಿ ಒಂದು ಭಾನುವಾರದಲ್ಲಿ ದೇಶಕ್ಕೆಲ್ಲ ಹಾಕಿ ಮುಗಿಸುತ್ತಾರೆ ಅಲ್ವಾ? ಇದಕ್ಕೆ ಆರು ತಿಂಗಳು ಕೊಟ್ಟರೆ ಜಾಸ್ತಿಯೇ ಆಯಿತು ಅಂದುಕೊಂಡಿದ್ದೆ.

ಆದದ್ದು ಕೇಳಿ. ನನಗೆ 46. ಏಪ್ರಿಲ್ 1ಕ್ಕೆ 45 ದಾಟಿದವರಿಗೆಲ್ಲ ಅಂತ ಆಯಿತು. ಏಪ್ರಿಲ್ 6ಕ್ಕೆ ಕೋವಿಶೀಲ್ಡ್ ಚುಚ್ಚಿಸಿಕೊಂಡೆ. ಆರರಿಂದ ಎಂಟು ವಾರಕ್ಕೆ ಬನ್ನಿ ಅಂದರು. ಮೇ ಕೊನೆ ಅಂತ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿದೆ. ಏಪ್ರಿಲ್ 30ರಿಂದ ಮೂರು ದಿನ ಮುಂಬಯಿಯ ಎಲ್ಲ ಕೇಂದ್ರ ಬಂದ್, ಸ್ಟಾಕ್ ಇಲ್ಲ. ಮೇ 13ಕ್ಕೆ ಅಂತರ 12ರಿಂದ 16 ವಾರ ಅಂತ ಬದಲಾಯಿತು. ಆ ಸುತ್ತು ಅಳಿಸಿ ಜೂನ್ 29ಕ್ಕೆ ಹಾಕಿದೆ. ಆವತ್ತೂ ಆಗಲಿಲ್ಲ. ಅಂತೂ ಹೋದ ವಾರ ಸಿಕ್ಕಿತು.

ಹುಡುಗರದ್ದು ಇನ್ನೂ ಚಂದ. ಮೇ 1ಕ್ಕೆ 18ರಿಂದ 44ರವರಿಗೂ ಅಂದರಲ್ಲ, ನಾಲ್ವರೂ ನಾಲ್ಕು ಮೊಬೈಲ್ ಹಿಡಿದು ಕೂತರು. ಒಟಿಪಿ ಬರುವಷ್ಟರಲ್ಲಿ ಸ್ಲಾಟ್ ಖಾಲಿ. ತತ್ಕಾಲ್ ಟಿಕೆಟ್ ಇದಕ್ಕಿಂತ ವಾಸಿ. ಹನ್ನೆರಡು ದಿನ ಹೀಗೆ ಕಳೆಯಿತು. ಆಮೇಲೆ ಮಹಾರಾಷ್ಟ್ರದಲ್ಲಿ ಆ ವಯಸ್ಸಿನವರಿಗೆ ಕೊಡುವುದನ್ನೇ ನಿಲ್ಲಿಸಿದರು, ಇರುವ ಸ್ಟಾಕ್ 45 ದಾಟಿದವರ ಎರಡನೇ ಡೋಸಿಗೆ ಬೇಕು ಅಂತ. ಜೂನ್ 21ರಿಂದ ಎಲ್ಲರಿಗೂ ಉಚಿತ ಅಂದ ಮೇಲೆ ಜೂನ್ 24ಕ್ಕೆ ನಾಲ್ವರಿಗೂ ಮೊದಲನೆಯದು ಸಿಕ್ಕಿತು. ಆವತ್ತು ಭಟ್ರು ಪಾಯಸ ಮಾಡಿದ್ದರು, ಸುಮ್ನೆ ಹೇಳುವುದಲ್ಲ.

ದುಡ್ಡು ಕೊಟ್ಟೇ ಹಾಕಿಸೋಣ ಅಂತ ಮಾಲೀಕರು ಒಮ್ಮೆ ಹೊರಟಿದ್ದರು. ಖಾಸಗಿಯಲ್ಲಿ ಕೋವಿಶೀಲ್ಡಿಗೆ ಒಬ್ಬರಿಗೆ 780 ರೂಪಾಯಿ. ನಾಲ್ಕೈದು ಹೋಟೆಲಿನವರು ಸೇರಿ ಕ್ಯಾಂಪ್ ಮಾಡಿಸುವ ಮಾತಾಗಿತ್ತು. ಅಷ್ಟರಲ್ಲಿ ಕಾಂದಿವಲಿಯ ಸೊಸೈಟಿಯೊಂದರಲ್ಲಿ ನಡೆದ ನಕಲಿ ಲಸಿಕೆ ಕ್ಯಾಂಪಿನ ಸುದ್ದಿ ಬಂತು. ಮಾಲೀಕರು ಹೆದರಿ ಸುಮ್ಮನಾದರು.

ಈಗ ಪೇಪರಿನಲ್ಲಿ ಡಿಸೆಂಬರ್ ಕೊನೆಗೆ ದೊಡ್ಡವರಿಗೆಲ್ಲ ಮುಗಿಯುತ್ತದೆ ಅಂತ ಓದುತ್ತೇನೆ. ಒಂದು ದಿನ 80 ಲಕ್ಷ ದಾಟಿತು ಅಂತ ದೊಡ್ಡಕ್ಷರ. ನಾಲ್ಕು ದಿನ ಬಿಟ್ಟು ನಮ್ಮ ಬೀದಿಯ ಕೇಂದ್ರದ ಬಾಗಿಲಿಗೆ "ಆಜ್ ಲಸೀಕರಣ್ ಬಂದ್" ಚೀಟಿ. ಯಾವುದನ್ನು ನಂಬಲಿ? ದೇಶಕ್ಕೆ ಡಿಸೆಂಬರ್ ಅಂತ ಒಂದು ತಿಂಗಳಿದೆ. ನನ್ನ ಬೈಂದೂರಿನ ಹುಡುಗನಿಗೆ ಒಂದು ತಾರೀಕಿಲ್ಲ. ಅವನಿಗೆ ಏನು ಹೇಳಲಿ? ಅಲ್ಲೇ ಹಾಕಿಸಿಕೊಂಡು ಬಾ ಅನ್ನಲಾ, ಇಲ್ಲಿಗೆ ಬಂದು ಹಾಕಿಸಿಕೋ ಅನ್ನಲಾ? ಗೊತ್ತಿರುವವರು ಬಿಡಿಸಿ ಹೇಳಿ. ಪಕ್ಷದ ಜಗಳ ಬೇಡ. ಅದು ನನ್ನ ಟೇಬಲ್ ನಂಬರ್ 3ರಲ್ಲಿ ದಿನಾ ನಡೆಯುತ್ತದೆ.

---

ಸೂಜಿ ಕೆಲಸದವಳು · 12 ಜುಲೈ 2021

ಗಲ್ಲಾ ಅಣ್ಣ, ನಾನು ಘಾಟ್‌ಕೋಪರ್ ಕಡೆಯ ಒಂದು ಪಾಲಿಕೆ ಕೇಂದ್ರದಲ್ಲಿ ನರ್ಸ್. ಊರು ಜಮಖಂಡಿ. ಡ್ಯೂಟಿ ಮುಗಿಸಿ ಬಂದು ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಜನ ನಮ್ಮನ್ನು ಬೈಯುತ್ತಾರೆ, ಇವರ ಕೈ ನಿಧಾನ ಅಂತ. ಕೈ ನಿಧಾನ ಇಲ್ಲರೀ. ಒಂದು ಟೇಬಲಿಗೆ ದಿನಕ್ಕೆ ನೂರು ಜನ ಅಂತ ಶುರುವಿನಲ್ಲಿ ಹೇಳಿದ್ದರು, ಅದಕ್ಕಿಂತ ಎಷ್ಟೋ ಜಾಸ್ತಿ ಮಾಡಿದ ದಿನಗಳಿವೆ. ಕಡಿಮೆ ಇರುವುದು ವಯಲ್, ಅಂದರೆ ಲಸಿಕೆಯ ಸಣ್ಣ ಬಾಟಲಿ. ಪಾಲಿಕೆಯ ಕಾಂಜೂರ್‌ಮಾರ್ಗ್ ಲಸಿಕೆ ಸ್ಟೋರಿನಿಂದ ನಾಳೆಗೆ ಎಷ್ಟು ಬರುತ್ತದೆ ಅನ್ನುವುದು ನಮಗೆ ಗೊತ್ತಾಗುವುದೇ ರಾತ್ರಿ. ಎಷ್ಟೋ ಸಲ ಒಂಬತ್ತು ಗಂಟೆಗೆ ಮೆಸೇಜ್. ಅದು ಬಂದ ಮೇಲೆ ಸ್ಲಾಟ್ ತೆರೆಯಬೇಕು, ಬೆಳಗಿನ ಟೋಕನ್ ಎಷ್ಟು ಅಂತ ಬರೆದು ಹಚ್ಚಬೇಕು. ಜನ ನಾಲ್ಕು ಗಂಟೆಗೇ ಬಂದು ಚಪ್ಪಲಿ ಇಟ್ಟು ಸಾಲು ಹಿಡಿದಿರುತ್ತಾರೆ. ನೂರೈವತ್ತು ಟೋಕನ್, ಮುನ್ನೂರು ಚಪ್ಪಲಿ. ನಾನು ಗೇಟಿನ ಒಳಗೆ ಹೋಗುವಾಗ ಯಾರ ಮುಖವನ್ನೂ ನೋಡುವುದಿಲ್ಲ.

ಇನ್ನೊಂದು ನಿಮಗೆ ಗೊತ್ತಿರಲಿ. ಕೋವಿಶೀಲ್ಡ್ ಒಂದು ವಯಲಿನಲ್ಲಿ ಹತ್ತು ಜನರಿಗೆ ಆಗುವಷ್ಟು ಇರುತ್ತದೆ, ಒಬ್ಬರಿಗೆ ಅರ್ಧ ಎಂಎಲ್. ಒಡೆದ ಮೇಲೆ ನಾಲ್ಕು ತಾಸಿನಲ್ಲಿ ಮುಗಿಸಬೇಕು. ಸಂಜೆ ಮೂರೇ ಜನ ಉಳಿದಿದ್ದರೆ ಹೊಸದನ್ನು ಒಡೆಯಲು ಕೈ ಬರುವುದಿಲ್ಲ. ಹಾಗಂತ ಮೂರು ಜನರನ್ನು ವಾಪಸ್ ಕಳಿಸುವುದಕ್ಕೂ ಮನಸ್ಸು ಬರುವುದಿಲ್ಲ. ಕೈ ಪಳಗಿದ ಸಿಸ್ಟರ್‌ಗಳು ಒಂದೊಂದು ವಯಲಿನಿಂದ ಹನ್ನೊಂದನೆಯದನ್ನೂ ತೆಗೆಯುತ್ತಾರೆ, ಕಂಪನಿ ಸ್ವಲ್ಪ ಜಾಸ್ತಿ ತುಂಬಿರುತ್ತದೆ.

ಪೋಲಿಯೋಗೆ ಹೋಲಿಸಬೇಡಿ ಅಣ್ಣ. ಆ ಕೆಲಸವನ್ನೂ ನಾನು ಮಾಡಿದ್ದೇನೆ. ಎರಡು ಹನಿ ಬಾಯಿಗೆ ಬಿಡುವುದು, ಕಿರುಬೆರಳಿಗೆ ಮಸಿ ಹಚ್ಚುವುದು. ಒಂದು ದಿನ ತರಬೇತಿ ಕೊಟ್ಟರೆ ಯಾರು ಬೇಕಾದರೂ ಮಾಡಬಹುದು. ಮಗು ಅರ್ಧ ಗಂಟೆ ಕೂತಿರಬೇಕು ಅಂತಿಲ್ಲ, ಸರ್ಟಿಫಿಕೇಟ್ ಇಲ್ಲ, ಒಟಿಪಿ ಇಲ್ಲ. ಲಸಿಕೆ ಮೊದಲೇ ತಯಾರಾಗಿ ಸ್ಟೋರಿನಲ್ಲಿ ಕೂತಿರುತ್ತದೆ, ಆಮೇಲೆ ಭಾನುವಾರ ಗೊತ್ತು ಮಾಡುತ್ತಾರೆ. ಇಲ್ಲಿ ಹಾಗಲ್ಲ, ತಯಾರಾಗುತ್ತಿದ್ದಂತೆಯೇ ಚುಚ್ಚುತ್ತಿದ್ದೇವೆ. ಮತ್ತೆ ಆ ಒಂದು ಭಾನುವಾರ ಒಂದೇ ಅಲ್ಲ. ಮರುದಿನದಿಂದ ಮನೆಮನೆಗೆ ಹೋಗಿ, ಮಕ್ಕಳಿಗೆಲ್ಲ ಆದ ಮನೆಗೆ ಸೀಮೆಸುಣ್ಣದಲ್ಲಿ "ಪಿ", ಯಾರಾದರೂ ಬಿಟ್ಟುಹೋದ ಮನೆಗೆ "ಎಕ್ಸ್". ಎಕ್ಸ್ ಬರೆದ ಮನೆಗೆ ಮತ್ತೆ ಮತ್ತೆ ಹತ್ತಿ ಇಳಿಯಬೇಕು. ದೇಶದಲ್ಲಿ ಪಲ್ಸ್ ಪೋಲಿಯೋ ಶುರುವಾದದ್ದು 1995ರಲ್ಲಿ, ಕೊನೆಯ ಕೇಸ್ ಕಂಡದ್ದು 2011ರ ಜನವರಿಯಲ್ಲಿ. ನಿಮಗೆ ಕಂಡದ್ದು ಬೂತ್ ಮಾತ್ರ.

ಹುಡುಗರಿಗೆ ಊರಿನಲ್ಲೇ ಮೊದಲನೆಯದು ಸಿಕ್ಕರೆ ಹಾಕಿಸಿಕೊಳ್ಳಲು ಹೇಳಿ. ಅಲ್ಲಿ ಒಂದು, ಇಲ್ಲಿ ಎರಡನೆಯದು, ತೊಂದರೆ ಇಲ್ಲ. ಅದೇ ಮೊಬೈಲ್ ನಂಬರು, ಅದೇ ಆಧಾರ್ ತಂದರೆ ಆಯಿತು. ಬೇರೆಯವರ ನಂಬರು ಕೊಟ್ಟು ಆಮೇಲೆ ಇಲ್ಲಿ ಬಂದು ಅಳುವವರನ್ನು ದಿನಾ ನೋಡುತ್ತೇನೆ. ಎರಡೂ ಡೋಸ್ ಒಂದೇ ಲಸಿಕೆಯದ್ದಾಗಿರಬೇಕು, ಇದನ್ನು ಮರೆಯಬೇಡಿ.

---

ಹಡಪ್ಸರ್ ಲೆಡ್ಜರ್ · 13 ಜುಲೈ 2021

ನಿವೃತ್ತ ಅಕೌಂಟೆಂಟ್, ಪುಣೆಯ ಹಡಪ್ಸರ್‌ನಲ್ಲಿ ವಾಸ. ಜನವರಿ 12ರ ಮುಂಜಾನೆ ಮಂಜರಿಯ ಸೀರಂ ಕಾರ್ಖಾನೆಯಿಂದ ಕೋವಿಶೀಲ್ಡಿನ ಮೊದಲ ಲಾರಿಗಳು ಹೊರಟವಲ್ಲ, ತೆಂಗಿನಕಾಯಿ ಒಡೆದು, ಪೂಜೆ ಮಾಡಿ. ಆ ದಾರಿ ನನ್ನ ಮನೆಯಿಂದ ದೂರ ಇಲ್ಲ. ಬೆಳಿಗ್ಗೆ ವಾಕಿಂಗ್ ಗೆಳೆಯರೆಲ್ಲ ಸೇರಿ ನಮಗಂತೂ ಚಿಂತೆ ಇಲ್ಲ ಎಂದು ನಕ್ಕಿದ್ದೆವು. ಏಪ್ರಿಲ್‌ನಲ್ಲಿ ನನ್ನ ಹೆಂಡತಿಯ ಎರಡನೇ ಡೋಸಿಗೆ ಮೂರು ಕೇಂದ್ರ ಅಲೆದೆ. ದೀಪದ ಬುಡ ಕತ್ತಲೆ.

ಈಗ ಲೆಕ್ಕ. ಗಲ್ಲಾದವರು ಕೇಳಿದ್ದಾರೆ, ಗಲ್ಲಾದವರ ಭಾಷೆಯಲ್ಲೇ ಹೇಳುತ್ತೇನೆ.

18 ದಾಟಿದವರು ದೇಶದಲ್ಲಿ ಸುಮಾರು 94 ಕೋಟಿ. ತಲೆಗೆ ಎರಡರಂತೆ 188 ಕೋಟಿ ಡೋಸ್ ಬೇಕು. ಇಲ್ಲಿಯವರೆಗೆ ಆದದ್ದು ಹತ್ತಿರ ಹತ್ತಿರ 38 ಕೋಟಿ. ಬಾಕಿ 150 ಕೋಟಿ. ಡಿಸೆಂಬರ್ 31ಕ್ಕೆ ಉಳಿದಿರುವ ದಿನ 171. ಭಾಗಿಸಿ ನೋಡಿ, ದಿನಕ್ಕೆ 88 ಲಕ್ಷ ಬೇಕು. ರಜೆ ಇಲ್ಲ, ಹಬ್ಬ ಇಲ್ಲ, ಮಳೆ ಇಲ್ಲ. ಈಗ ನಡೆಯುತ್ತಿರುವುದು ಸುಮಾರು 40 ಲಕ್ಷ. ಈ ವೇಗದಲ್ಲೇ ಹೋದರೆ ಇನ್ನೂ 375 ದಿನ. ಅಂದರೆ ಮುಂದಿನ ವರ್ಷದ ಜುಲೈ ಕೊನೆ.

ಜೂನ್ 21ರ 80 ಲಕ್ಷ ಸುಳ್ಳಲ್ಲ. ಆದರೆ ಅದು ಗಣೇಶ ಚೌತಿ ದಿನದ ನಿಮ್ಮ ಗಲ್ಲಾ. ಅದನ್ನು 365ರಿಂದ ಗುಣಿಸಿ ವರ್ಷದ ವ್ಯಾಪಾರ ಅನ್ನುವುದಿಲ್ಲ ಅಲ್ವಾ?

ಹಾಗಾದರೆ ಡಿಸೆಂಬರ್ ಎಲ್ಲಿಂದ ಬಂತು? ಮೇ 13ರಂದು ದಿಲ್ಲಿಯಲ್ಲಿ ಕೇಂದ್ರ ಸರ್ಕಾರದವರು ಒಂದು ಪಟ್ಟಿ ತೋರಿಸಿದರು. ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ 216 ಕೋಟಿ ಡೋಸ್ ಸಿಗುತ್ತದೆ ಎಂದು. ನಾನು ಅದನ್ನು ಕತ್ತರಿಸಿ ಡೈರಿಯಲ್ಲಿ ಅಂಟಿಸಿಕೊಂಡಿದ್ದೇನೆ. ಕೋವಿಶೀಲ್ಡ್ 75 ಕೋಟಿ, ಕೋವ್ಯಾಕ್ಸಿನ್ 55, ಬಯಾಲಾಜಿಕಲ್ ಇ 30, ನೊವಾವ್ಯಾಕ್ಸ್ 20, ಸ್ಪುಟ್ನಿಕ್ 15.6, ಮೂಗಿನಲ್ಲಿ ಹಾಕುವುದು 10, ನಮ್ಮ ಪುಣೆಯ ಜೆನೋವಾ 6, ಜೈಡಸ್ 5. ಇದರಲ್ಲಿ ಆ ದಿನ ಅನುಮತಿ ಸಿಕ್ಕಿದ್ದದ್ದು ಮೂರಕ್ಕೆ ಮಾತ್ರ. ಉಳಿದವು ಇನ್ನೂ ಪರೀಕ್ಷೆಯಲ್ಲಿ. ಬರಬೇಕಾದ ಬಾಕಿಯನ್ನೆಲ್ಲ ಬಂದ ಹಣ ಎಂದು ಜಮೆಗೆ ಬರೆದಂತೆ. ನನ್ನ ಕೈಕೆಳಗಿನ ಗುಮಾಸ್ತ ಹಾಗೆ ಬರೆದಿದ್ದರೆ ಪುಸ್ತಕ ಮುಖಕ್ಕೆ ಎಸೆಯುತ್ತಿದ್ದೆ.

ಜೂನ್ ಕೊನೆಗೆ ಸುಪ್ರೀಂ ಕೋರ್ಟಿಗೆ ಕೊಟ್ಟ ಅಫಿಡವಿಟ್‌ನಲ್ಲಿ ಅದೇ ಐದು ತಿಂಗಳಿಗೆ 135 ಕೋಟಿ ಎಂದು ಬರೆದಿದ್ದಾರೆ. ಕೋವಿಶೀಲ್ಡ್ 50, ಕೋವ್ಯಾಕ್ಸಿನ್ 40. ಆರೇ ವಾರದಲ್ಲಿ 81 ಕೋಟಿ ಕರಗಿತು. ಇದು ಹೆಚ್ಚು ನಂಬುವ ಲೆಕ್ಕ. ಪೇಪರಿನವರು ಮೊದಲನೆಯದನ್ನು ಮುಖಪುಟದಲ್ಲಿ ಹಾಕಿದ್ದರು, ಎರಡನೆಯದು ಒಳಗೆಲ್ಲೋ ಹೋಯಿತು. ಜನರ ತಲೆಯಲ್ಲಿ ಇನ್ನೂ 216 ಕೂತಿದೆ.

ಇನ್ನು ನಿಮ್ಮ ಹುಡುಗರ ತಾರೀಕು. ಇಲ್ಲಿ ಯಾರೂ ಮಾತಾಡದ ಒಂದು ವಿಷಯ ಇದೆ. ಕೋವಿಶೀಲ್ಡ್ ಎರಡು ಡೋಸ್‌ಗಳ ನಡುವೆ 84 ದಿನ. ಡಿಸೆಂಬರ್ 31ಕ್ಕೆ ಎರಡನೆಯದು ಆಗಬೇಕಾದರೆ ಮೊದಲನೆಯದು ಅಕ್ಟೋಬರ್ 8ರೊಳಗೆ ಬಿದ್ದಿರಬೇಕು. ನವೆಂಬರ್‌ನಲ್ಲಿ ಲಾರಿಗಟ್ಟಲೆ ಬಂದರೂ ಆ ವರ್ಷದ ಲೆಕ್ಕಕ್ಕೆ ಅದು ಪೂರ್ತಿ ಸೇರುವುದಿಲ್ಲ. ಹಾಗಾಗಿ ದಿನಕ್ಕೆ ಎಷ್ಟು ಲಕ್ಷ ಎಂದು ನೋಡಬೇಡಿ, ಹುಡುಗನ ಮೊದಲ ಡೋಸ್ ಯಾವತ್ತು ಎಂದು ಕೇಳಿ. ಜೂನ್ 24ರ ನಾಲ್ವರಿಗೆ ಸೆಪ್ಟೆಂಬರ್ 16. ಊರಲ್ಲಿರುವವರಿಗೆ ನಾಳೆ ಸಿಕ್ಕರೆ ಅಕ್ಟೋಬರ್ 6. ಕೋವ್ಯಾಕ್ಸಿನ್ ಸಿಕ್ಕರೆ 28 ದಿನಕ್ಕೇ ಎರಡನೆಯದು, ಆದರೆ ಅದು ಸಿಗುವುದು ಕಷ್ಟ, ಖಾಸಗಿಯಲ್ಲಿ 1,410 ರೂಪಾಯಿ.

---

ಖಾರ್ಘರ್ ವೈಫೈ · 13 ಜುಲೈ 2021

ಲೆಡ್ಜರ್ ಅಂಕಲ್‌ಗೆ ಒಂದು ನಮಸ್ಕಾರ. ನಾನು ಐಟಿ ಹುಡುಗ, ಸತ್ಯ ಒಪ್ಪಿಕೊಳ್ಳುತ್ತೇನೆ. ಮೇ ಮೊದಲ ವಾರ ಟೆಲಿಗ್ರಾಂ ಅಲರ್ಟ್ ಇಟ್ಟುಕೊಂಡು, ಸ್ಲಾಟ್ ಹಸಿರಾದ ಕೂಡಲೇ ಒತ್ತಿದೆ. ಸಿಕ್ಕಿದ್ದು ಕರ್ಜತ್ ಆಚೆಯ ಒಂದು ಹಳ್ಳಿಯ ಆರೋಗ್ಯ ಕೇಂದ್ರ. ಬೈಕಿನಲ್ಲಿ ಹೋದೆ. ಅಲ್ಲಿ ಸಾಲಿನಲ್ಲಿ ನಿಂತವರೆಲ್ಲ ನನ್ನಂಥವರೇ, ಎಲ್ಲರ ಬೆನ್ನಿಗೂ ಲ್ಯಾಪ್‌ಟಾಪ್ ಬ್ಯಾಗ್. ಆ ಊರಿನವರು ಮರದ ಕೆಳಗೆ ನಿಂತು ನಮ್ಮನ್ನು ನೋಡುತ್ತಿದ್ದರು. ಒಬ್ಬ ಅಜ್ಜ ಮರಾಠಿಯಲ್ಲಿ ಕೇಳಿದರು, "ನಿಮ್ಮ ಊರಲ್ಲಿ ಆಸ್ಪತ್ರೆ ಇಲ್ವಾ?" ಉತ್ತರ ಹೇಳಲಿಲ್ಲ. ಸೂಜಿ ಚುಚ್ಚಿಸಿಕೊಂಡು ಬಂದೆ.

ಗಲ್ಲಾ ಅಣ್ಣ, ನಿಮ್ಮ ಹುಡುಗರಿಗೆ ಇಲ್ಲಿಯ ಸ್ಲಾಟ್ ಬೇಕಾದರೆ ನಾನು ಹಿಡಿದುಕೊಡುತ್ತೇನೆ. ನನ್ನ ಬೆರಳು ಫಾಸ್ಟ್ ಇದೆ.

---

ಪರೇಲ್ ಟೀಚರ್ · 13 ಜುಲೈ 2021

ಕನ್ನಡ ಮಾಧ್ಯಮದಲ್ಲಿ ಪಾಠ ಮಾಡಿ ನಿವೃತ್ತಳಾದವಳು. ನನಗೆ ದಿನಾ ಹಾಫ್‌ಕಿನ್ ಸಂಸ್ಥೆಯ ಮುಂದೆ ಹಾದುಹೋಗುವ ಅಭ್ಯಾಸ. ಮಕ್ಕಳಿಗೆ ಈ ಕಥೆ ಹೇಳುತ್ತಿದ್ದೆ. 1896ರಲ್ಲಿ ಬೊಂಬಾಯಿಗೆ ಪ್ಲೇಗ್ ಬಂತು. ಹಾಫ್‌ಕಿನ್ ಎಂಬವರು ಆ ಅಕ್ಟೋಬರ್‌ನಲ್ಲಿ ಇಲ್ಲಿಗೆ ಬಂದು, ಲಸಿಕೆ ಮಾಡಿ, 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಕೊಂಡರು. ಮೂರೇ ತಿಂಗಳು! ಮಕ್ಕಳು ಬಾಯಿ ಬಿಟ್ಟು ಕೇಳುತ್ತಿದ್ದರು. ಆದರೆ ಪ್ಲೇಗ್ ಆಮೇಲೂ ವರ್ಷಗಟ್ಟಲೆ ಇತ್ತು. ಕಥೆಯ ಆ ಭಾಗವನ್ನು ನಾನು ಹೇಳುತ್ತಿರಲಿಲ್ಲ, ಪೀರಿಯಡ್ ಮುಗಿಯುತ್ತಿತ್ತು.

ಈಗ ಅದೇ ಸಂಸ್ಥೆಯವರಿಗೆ ಕೋವ್ಯಾಕ್ಸಿನ್ ಮಾಡಲು ಏಪ್ರಿಲ್‌ನಲ್ಲಿ ಅನುಮತಿ ಸಿಕ್ಕಿದೆ. ನಮ್ಮ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಮರುದಿನವೇ ಕೇಳಿದರು, ನಮಗೆ ಮೊದಲು ಸಿಗುತ್ತಾ ಅಂತ. ಯಂತ್ರ ಕೂರಿಸಿ, ಪರೀಕ್ಷೆ ಮಾಡಿ, ಒಂದು ಹನಿ ಹೊರಗೆ ಬರಲು ತಿಂಗಳುಗಳೇ ಬೇಕು ಅಂದರೆ ಯಾರಿಗೂ ಸಿಟ್ಟು.

---

ಚೆಂಬೂರು ಗಲ್ಲಾ · 14 ಜುಲೈ 2021

ಎಲ್ಲರಿಗೂ ತುಂಬಾ ಉಪಕಾರ. ಲೆಡ್ಜರ್ ಅವರ 84ರ ಲೆಕ್ಕ ಓದಿ ನಿನ್ನೆ ರಾತ್ರಿಯೇ ಎಂಟು ಮಂದಿಗೂ ಫೋನ್ ಮಾಡಿದೆ. "ಡಿಸೆಂಬರ್ ಬಿಡಿ, ಮೊದಲನೆಯದು ಯಾವತ್ತು ಸಿಗುತ್ತದೆ ನೋಡಿ" ಅಂದೆ. ಇಬ್ಬರಿಗೆ ಆಗಲೇ ಆಗಿತ್ತಂತೆ, ನನಗೆ ಹೇಳಿಯೇ ಇರಲಿಲ್ಲ. ಬೈಂದೂರಿನವನು ಹೇಳಿದ, ಅವರ ಆರೋಗ್ಯ ಕೇಂದ್ರಕ್ಕೆ ಬಂದದ್ದೆಲ್ಲ ಎರಡನೇ ಡೋಸಿನವರಿಗೇ ಹೋಗುತ್ತಿದೆ ಅಂತ. ಒಡಿಶಾದವನ ಫೋನ್ ಹತ್ತಲಿಲ್ಲ.

ಮಾಲೀಕರಿಗೆ ಈ ಲೆಕ್ಕ ತೋರಿಸಿದೆ. "ಅಂದರೆ ದೀಪಾವಳಿಯಾ?" ಅಂದರು. ಕೆಲವರದ್ದು ಅಂದೆ. ಅವರಿಗೆ ಕೆಲವರದ್ದು ಅನ್ನುವ ಮಾತು ಹಿಡಿಸುವುದಿಲ್ಲ.

---

ಚೆಂಬೂರು ಗಲ್ಲಾ · 27 ಜುಲೈ 2021

ಒಂದು ಡೋಸ್ ಆಗಿದ್ದ ಆ ಇಬ್ಬರು 21ಕ್ಕೆ ರೈಲು ಹತ್ತಿದ್ದರು. ಚಿಪ್ಳೂಣದ ಹತ್ತಿರ ನೀರು ಏರಿ ಕೊಂಕಣ ರೈಲ್ವೆ ನಿಂತಿತಲ್ಲ, ರತ್ನಾಗಿರಿ ಸ್ಟೇಷನ್ನಿನಲ್ಲಿ ಒಂದು ರಾತ್ರಿ ಕಳೆದು ವಾಪಸ್ ಊರಿಗೆ. ಲಸಿಕೆಗೆ ಮಾತ್ರ ಕಾಯುತ್ತಿದ್ದೇವೆ ಅಂದುಕೊಂಡಿದ್ದೆ.

---

ಚೆಂಬೂರು ಗಲ್ಲಾ · 12 ಆಗಸ್ಟ್ 2021

ಇದನ್ನು ನೋಡಿ ಈಗ. ನಿನ್ನೆ ಆದೇಶ ಬಂತು. 15ರಿಂದ ಹೋಟೆಲ್ ರಾತ್ರಿ 10ರ ತನಕ ತೆರೆಯಬಹುದು. ಖುಷಿಯಾಗಿ ಮುಂದೆ ಓದಿದೆ. ಕೆಲಸದವರೆಲ್ಲರಿಗೂ ಎರಡು ಡೋಸ್ ಆಗಿ 14 ದಿನ ಕಳೆದಿರಬೇಕು. ಲೋಕಲ್ ರೈಲಿನ ಪಾಸಿಗೂ ಅದೇ ಷರತ್ತು.

ಜೂನ್ 24ರಂದು ಪಾಯಸ ತಿಂದ ನಾಲ್ವರಿಗೆ ಸೆಪ್ಟೆಂಬರ್ 16ಕ್ಕೆ ಎರಡನೆಯದು, ಅದರ ಮೇಲೆ 14 ಅಂದರೆ ಸೆಪ್ಟೆಂಬರ್ 30. ಅವರು ಒಂದು ದಿನವೂ ತಡ ಮಾಡಿಲ್ಲ. ಕೊಟ್ಟ ದಿನ ಹೋಗಿ ಚುಚ್ಚಿಸಿಕೊಂಡಿದ್ದಾರೆ. ಈಗ ಷರತ್ತಿಗೆ ಸರಿಹೊಂದುವವರು ನಾನು ಮತ್ತು ಭಟ್ರು, ಇಬ್ಬರೇ. ನಾನು ಗಲ್ಲಾದಲ್ಲಿ ಕೂತು, ನಾನೇ ಇಡ್ಲಿ ಬಡಿಸಿ, ನಾನೇ ಟೇಬಲ್ ಒರೆಸಲಾ? 15ರಿಂದ ಪಾರ್ಸೆಲ್ ಮಾತ್ರ ಅಂತ ಬೋರ್ಡ್ ತೂಗಿಸಿದೆವು. ಎದುರಿನ ಹೋಟೆಲಿನವರು ಮೇ ತಿಂಗಳಲ್ಲೇ ದುಡ್ಡು ಕೊಟ್ಟು ಎಲ್ಲರಿಗೂ ಹಾಕಿಸಿದ್ದರು. 15ರಿಂದ ಅಲ್ಲಿ ರಾತ್ರಿ ದೀಪ ಉರಿಯುತ್ತದೆ. ನಮ್ಮ ಮಾಲೀಕರು ಏನೂ ಅನ್ನಲಿಲ್ಲ. ಸುಮ್ನೆ ನನ್ನ ಮುಖ ನೋಡಿದರು.

ಡಿಸೆಂಬರ್ ನಿಜವೋ ಸುಳ್ಳೋ ಅಂತ ಜುಲೈಯಲ್ಲಿ ಕೇಳಿದ್ದೆ. ಆಗ ಕೇಳಬೇಕಾಗಿದ್ದದ್ದು ಬೇರೆ. ಲಸಿಕೆಯ ಗಡಿಯಾರ ಒಂದು ವೇಗದಲ್ಲಿ ಓಡಿ, ಆದೇಶದ ಗಡಿಯಾರ ಇನ್ನೊಂದು ವೇಗದಲ್ಲಿ ಓಡಿದರೆ ನಡುವೆ ಸಿಕ್ಕಿದವನು ಏನು ಮಾಡಬೇಕು?

---

ಸೂಜಿ ಕೆಲಸದವಳು · 13 ಆಗಸ್ಟ್ 2021

ಅಣ್ಣ, ನಿನ್ನೆಯಿಂದ ನಮ್ಮಲ್ಲಿ ಇದೇ ಗಲಾಟೆ. "ಪಾಸ್ ಬೇಕು, 84 ದಿನ ಆಗಿಲ್ಲ, ಸ್ವಲ್ಪ ಮೊದಲೇ ಚುಚ್ಚಿ" ಅಂತ ಕೈ ಮುಗಿಯುತ್ತಾರೆ. ನಾನು ಚುಚ್ಚಲು ಹೋದರೂ ಕಂಪ್ಯೂಟರ್ ಬಿಡುವುದಿಲ್ಲ. ಒಬ್ಬ ಸೆಕ್ಯುರಿಟಿ ಗಾರ್ಡ್, ಕಲ್ಯಾಣದಿಂದ ಬಸ್ಸಿಗೆ ದಿನಕ್ಕೆ ನೂರಿಪ್ಪತ್ತು ರೂಪಾಯಿ ಹೋಗುತ್ತದೆ ಅಂದ. ಅವನಿಗೆ ಇನ್ನೂ ಒಂಬತ್ತು ದಿನ ಬಾಕಿ. ಒಂಬತ್ತು, ಮತ್ತೆ ಹದಿನಾಲ್ಕು. ಬೆರಳು ಮಡಚಿ ಎಣಿಸಿದ.

---

ಹಡಪ್ಸರ್ ಲೆಡ್ಜರ್ · 22 ಅಕ್ಟೋಬರ್ 2021

ಈ ಚರ್ಚೆ ಮರೆತಿರಲಿಲ್ಲ. ನಿನ್ನೆ 100 ಕೋಟಿ ಆಯಿತು. ಜುಲೈಯಲ್ಲಿ ನಾನು ಬರೆದ 375 ದಿನ ತಪ್ಪಾಯಿತು, ಒಪ್ಪಿಕೊಳ್ಳುತ್ತೇನೆ. ಆಗಸ್ಟ್ ಕೊನೆಗೆ ಒಂದೇ ದಿನ 1 ಕೋಟಿ ಆಯಿತು, ಸೆಪ್ಟೆಂಬರ್ 17ಕ್ಕೆ 2.5 ಕೋಟಿ. ಮಂಜರಿಯವರು ತಯಾರಿಕೆ ಚೆನ್ನಾಗಿ ಏರಿಸಿದರು. ಆದರೂ 188ರಲ್ಲಿ ಇನ್ನು 88 ಬಾಕಿ, ದಿನ ಉಳಿದಿರುವುದು 71. ದಿನಕ್ಕೆ 1 ಕೋಟಿ 24 ಲಕ್ಷ. ಅಕ್ಟೋಬರ್ 8 ದಾಟಿ ಎರಡು ವಾರ ಆಗಿದೆ. ಮೊದಲ ಡೋಸ್ ಹೆಚ್ಚಿನವರಿಗೆ ಮುಟ್ಟಬಹುದು, ಎರಡೂ ಮುಟ್ಟುವುದಿಲ್ಲ. ಈ ಸಲ ತಪ್ಪಿದರೆ ಡೈರಿ ಸುಟ್ಟುಹಾಕುತ್ತೇನೆ.

---

ಸೂಜಿ ಕೆಲಸದವಳು · 22 ಅಕ್ಟೋಬರ್ 2021

ಈಗ ನಮ್ಮಲ್ಲಿ ಫ್ರಿಜ್ ತುಂಬಾ ವಯಲ್ ಇದೆ, ಹೊರಗೆ ಕುರ್ಚಿ ಖಾಲಿ. ಎರಡನೆಯದಕ್ಕೆ ಬರಬೇಕಾದವರಿಗೆ ನಾವೇ ಫೋನ್ ಮಾಡುತ್ತೇವೆ. "ಬರ್ತೀನಿ ಸಿಸ್ಟರ್, ಈಗೇನು ಕೊರೊನಾ ಇಲ್ಲವಲ್ಲ" ಅಂತಾರೆ. ಮೇ ತಿಂಗಳ ಆ ಚಪ್ಪಲಿ ಸಾಲು ನನಗೆ ಕನಸಿನಲ್ಲಿ ಬರುತ್ತದೆ. ಇವತ್ತು ಸಂಜೆ ನಾಲ್ಕೇ ಜನ ಇದ್ದರು, ವಯಲ್ ಒಡೆದೆ.

---

ಚೆಂಬೂರು ಗಲ್ಲಾ · 23 ಅಕ್ಟೋಬರ್ 2021

ಲೆಡ್ಜರ್ ಅವರೇ, ಡೈರಿ ಸುಡಬೇಡಿ. ಮಾಲೀಕರು ಅದನ್ನು ಒಮ್ಮೆ ನೋಡಬೇಕಂತೆ.

ಈಗ ಹೋಟೆಲಿಗೆ ಮಧ್ಯರಾತ್ರಿ ತನಕ ಅನುಮತಿ. 14 ಜನರಲ್ಲಿ ಒಂಬತ್ತು ಜನರಿಗೆ ಎರಡೂ ಆಗಿ 14 ದಿನವೂ ಕಳೆಯಿತು. ಇಬ್ಬರಿಗೆ ಎರಡನೆಯದು ಮೊನ್ನೆ ಆಯಿತು, ಖಾರ್ಘರ್ ತಮ್ಮನೇ ಸ್ಲಾಟ್ ಹಿಡಿದುಕೊಟ್ಟದ್ದು. ಅವನು ಯಾವಾಗ ಬಂದರೂ ಮಸಾಲೆ ದೋಸೆಗೆ ಬಿಲ್ ಇಲ್ಲ. ಒಡಿಶಾದವನು ಅಲ್ಲೇ ಯಾವುದೋ ಕೆಲಸಕ್ಕೆ ಸೇರಿದನಂತೆ, ಬರುವುದಿಲ್ಲ. ಇನ್ನೊಬ್ಬ ಊರಲ್ಲೇ ಸಣ್ಣ ಕ್ಯಾಂಟೀನ್ ಹಾಕಿದ್ದಾನೆ.

ಉಳಿದದ್ದು ಬೈಂದೂರಿನ ಹುಡುಗ. ಅವನಿಗೆ ಮೊದಲನೆಯದು ಸಿಕ್ಕಿದ್ದು ಆಗಸ್ಟ್ 19ಕ್ಕೆ. ನಿನ್ನೆ ರಾತ್ರಿಯೂ ಫೋನ್ ಮಾಡಿದ್ದ, "ಅಣ್ಣ, ಬರ್ಲಾ?" ಈ ಸಲ ನನ್ನ ಹತ್ತಿರ ತಾರೀಕು ಇತ್ತು. ನವೆಂಬರ್ 11ಕ್ಕೆ ಎರಡನೆಯದು, 25ರ ಮೇಲೆ ಕೆಲಸಕ್ಕೆ. ದೀಪಾವಳಿ ಮುಗಿಸಿ, ಗದ್ದೆ ಕೊಯ್ಲು ಮುಗಿಸಿ, ಸೂಜಿ ಹಾಕಿಸಿಕೊಂಡು ನಿಧಾನಕ್ಕೆ ಬಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರುವಾಗ ಕುಚ್ಚಲಕ್ಕಿ ತರ್ಲಾ?" ಅಂತ ಕೇಳಿದ. ಹತ್ತು ಕಿಲೋ ಹೇಳಿದ್ದೇನೆ.